ಮರೆಯುವ ಹಣ, ಮರೆಯದ ಹಣ

ಹತ್ತು ರೂಪಾಯಿಯ ನೋಟೊಂದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರೆ ಅದರಲ್ಲಿ ಬೇಕಾದಷ್ಟು ಸಂಗತಿಗಳು ಸಿಗುತ್ತವೆ. ರಿಸರ್ವ್ ಬ್ಯಾಂಕಿನ ಗವರ್ನರರ ಸಹಿ ಇದೆ. ಕನ್ನಡವೂ ಸೇರಿ 15 ಭಾಷೆಗಳಲ್ಲಿ ಬೆಲೆ ಬರೆದ ಪಟ್ಟಿ ಇದೆ. ಕ್ರಮಸಂಖ್ಯೆಯೂ ಇದೆ. ಇಲ್ಲದಿರುವುದು ಒಂದೇ ಒಂದು ವಿವರ: ಅದು ಯಾರ ಕೈಯಿಂದ ಯಾರ ಕೈಗೆ ದಾಟಿತು ಎಂಬುದು. ಬೆಳಿಗ್ಗೆ ಹೂ ಮಾರುವವಳ ಬುಟ್ಟಿಯಲ್ಲಿದ್ದ ನೋಟು ಮಧ್ಯಾಹ್ನ ಬಸ್ ಕಂಡಕ್ಟರನ ಚೀಲಕ್ಕೆ, ಸಂಜೆ ಬ್ರಾಂದಿ ಅಂಗಡಿಯ ಗಲ್ಲಾಪೆಟ್ಟಿಗೆಗೆ, ಮರುದಿನ ದೇವಸ್ಥಾನದ ಹುಂಡಿಗೆ ಹೋಗಿರಬಹುದು. ನೋಟು ಇದಾವುದನ್ನೂ ನೆನಪಿಟ್ಟುಕೊಳ್ಳುವುದಿಲ್ಲ.

ಈ ಮರೆವು ಯಾರೋ ಯೋಚಿಸಿ ಕೊಟ್ಟ ವರವಲ್ಲ. ಚಿನ್ನದ ಗದ್ಯಾಣವಾಗಲಿ ತಾಮ್ರದ ಕಾಸಾಗಲಿ, ತನ್ನನ್ನು ಹಿಡಿದ ಕೈಗಳ ಲೆಕ್ಕವಿಡುವ ಶಕ್ತಿ ಲೋಹಕ್ಕಿರಲಿಲ್ಲ. ಕಾಗದದ ನೋಟು ಅದೇ ಗುಣವನ್ನು ಮುಂದುವರಿಸಿತು. ಆದರೆ ಆ ಮರೆವಿನ ಆಸರೆಯಲ್ಲಿ ಜನ ತಮ್ಮ ಬದುಕಿನ ಎಷ್ಟೋ ಸಂಗತಿಗಳನ್ನು ಕಟ್ಟಿಕೊಂಡರು. ಹುಂಡಿಗೆ ಹಾಕಿದವರ ಹೆಸರು ಅರ್ಚಕರಿಗೂ ತಿಳಿಯುವುದಿಲ್ಲ. ಸಾವಿರ ಹಾಕಿದವನೂ ಒಂದು ರೂಪಾಯಿ ಹಾಕಿದವನೂ ಹುಂಡಿಯೊಳಗೆ ಸಮ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎನ್ನುವ ಮಾತು ನಡೆಯುವುದು ಹಣ ಬಾಯಿ ಬಿಡದಿದ್ದಾಗ ಮಾತ್ರ.

ಇನ್ನು ಅಡುಗೆಮನೆಯ ಸಾಸಿವೆ ಡಬ್ಬಿಯ ವಿಚಾರ. ಮನೆಖರ್ಚಿನಲ್ಲಿ ಉಳಿಸಿದ ದುಡ್ಡನ್ನು ಡಬ್ಬಿಯ ತಳದಲ್ಲೋ ಸೀರೆಯ ಮಡಿಕೆಯಲ್ಲೋ ಇಡುವ ಅಭ್ಯಾಸ ನಮ್ಮ ಮನೆಗಳಲ್ಲಿ ತಲೆಮಾರುಗಳಿಂದ ಇದೆ. ಮಗಳ ಫೀಸಿಗೆ, ತವರಿನ ಕಷ್ಟಕ್ಕೆ, ಕೆಲವು ಮನೆಗಳಲ್ಲಿ ಕುಡುಕ ಗಂಡನ ಕೈಗೆ ಸಿಗದಂತೆ ಅಕ್ಕಿ ಬೇಳೆಗೆ ಎಂದು ಕೂಡಿಟ್ಟ ಹಣ ಅದು. 2016ರ ನವೆಂಬರ್ 8ರ ರಾತ್ರಿ 500 ಮತ್ತು 1000 ರೂಪಾಯಿಯ ನೋಟುಗಳು ರದ್ದಾದವು. ಚಲಾವಣೆಯಲ್ಲಿದ್ದ ನೋಟುಗಳ ಒಟ್ಟು ಮೌಲ್ಯದಲ್ಲಿ ಸುಮಾರು ಶೇ. 86ರಷ್ಟು ಈ ಎರಡರಲ್ಲೇ ಇತ್ತು. ಆಗ ಈ ಡಬ್ಬಿಗಳೆಲ್ಲ ಬಯಲಿಗೆ ಬಂದವು. ಬ್ಯಾಂಕಿನ ಸರದಿಯಲ್ಲಿ ನಿಲ್ಲುವ ಮುಂಚೆ ಅನೇಕ ಹೆಂಗಸರು ಮನೆಯವರ ಮುಂದೆ ಒಪ್ಪಿಕೊಳ್ಳಬೇಕಾಯಿತು. ಅದು ಕಪ್ಪುಹಣವಲ್ಲ, ಗುಟ್ಟಿನ ಹಣ. ಎರಡಕ್ಕೂ ಬಹಳ ವ್ಯತ್ಯಾಸವಿದೆ. ಹಣದ ಖಾಸಗಿತನದ ಬಗ್ಗೆ ಚರ್ಚೆ ಬಂದಾಗಲೆಲ್ಲ ಈ ವ್ಯತ್ಯಾಸವೇ ಮೊದಲು ಕಳೆದುಹೋಗುತ್ತದೆ.

ಅದೇ 2016ರ ಏಪ್ರಿಲಿನಲ್ಲಿ ನ್ಯಾಷನಲ್ ಪೇಮೆಂಟ್ಸ್ ಕಾರ್ಪೊರೇಷನ್ ಸಂಸ್ಥೆ ಯುಪಿಐ ವ್ಯವಸ್ಥೆಯನ್ನು ಆರಂಭಿಸಿತು. ಅದರ ಅನುಕೂಲವನ್ನು ವಿವರಿಸಿ ಹೇಳಬೇಕಾಗಿಲ್ಲ. ಚಿಲ್ಲರೆಯ ಜಗಳ ತಪ್ಪಿತು, ಜೇಬುಗಳ್ಳನ ಭಯ ತಪ್ಪಿತು, ಸೊಪ್ಪು ಮಾರುವ ಅಜ್ಜಿಯ ಬುಟ್ಟಿಗೂ ಕ್ಯೂಆರ್ ಚೀಟಿ ಅಂಟಿಕೊಂಡಿತು. 2025ರ ಆಗಸ್ಟ್ ತಿಂಗಳೊಂದರಲ್ಲೇ ಈ ದಾರಿಯಲ್ಲಿ ನಡೆದ ಪಾವತಿಗಳ ಸಂಖ್ಯೆ ಮೊದಲ ಬಾರಿಗೆ 2,000 ಕೋಟಿಯನ್ನು ದಾಟಿತು. ಆದರೆ ಒಂದು ಲೋಟ ಕಾಫಿಗೆ ಹೀಗೆ ಹಣ ಕೊಟ್ಟರೆ ಅದರ ದಾಖಲೆ ಕೊಟ್ಟವನ ಬ್ಯಾಂಕಿನಲ್ಲಿ, ಪಡೆದವನ ಬ್ಯಾಂಕಿನಲ್ಲಿ, ನಡುವಿನ ಸಂಸ್ಥೆಯಲ್ಲಿ ಮತ್ತು ಫೋನಿನ ಆ್ಯಪ್ ನಡೆಸುವ ಕಂಪನಿಯಲ್ಲಿ ಉಳಿಯುತ್ತದೆ. ಒಂದು ಕಾಫಿಯ ದಾಖಲೆಯಿಂದ ಯಾರಿಗೂ ಏನೂ ತಿಳಿಯುವುದಿಲ್ಲ ನಿಜ. ವರ್ಷಪೂರ್ತಿಯ ದಾಖಲೆಯನ್ನು ಸಾಲಾಗಿ ಇಟ್ಟರೆ ಮಾತು ಬೇರೆ. ಯಾವ ವೈದ್ಯರ ಬಳಿಗೆ ಎಷ್ಟು ಸಲ, ಯಾವ ವಕೀಲರ ಬಳಿಗೆ ಯಾವಾಗ, ಯಾವ ಸಂಘಕ್ಕೆ ಎಷ್ಟು ವಂತಿಗೆ, ಯಾವ ಪತ್ರಿಕೆಗೆ ಚಂದಾ, ಯಾವ ದೇವರಿಗೆ ಹರಕೆ ಎಂಬುದೆಲ್ಲ ಅದರಲ್ಲಿ ಇರುತ್ತದೆ. ದಿನಚರಿ ಬರೆಯುವ ಅಭ್ಯಾಸವಿಲ್ಲದವನ ದಿನಚರಿಯೂ ಹೀಗೆ ತಾನಾಗಿಯೇ ಬರೆದುಕೊಳ್ಳುತ್ತ ಹೋಗುತ್ತದೆ.

‘ಕಂಪ್ಯೂಟರಿನ ಹಣ ಎಂದಮೇಲೆ ಲೆಕ್ಕ ಉಳಿಯಲೇಬೇಕಲ್ಲ, ಅನುಕೂಲ ಬೇಕಿದ್ದರೆ ಈ ಬೆಲೆ ತೆರಬೇಕು’ ಎಂಬ ಸಮಾಧಾನ ಸಾಮಾನ್ಯವಾಗಿ ಕೇಳಿಬರುತ್ತದೆ. ಕೇಳಲು ಸಹಜವಾಗಿಯೇ ಇದೆ. ಆದರೆ ಅದು ನಿಜವಲ್ಲ. ನೆನಪಿಲ್ಲದ ಹಣವನ್ನು ಕಂಪ್ಯೂಟರಿನಲ್ಲೂ ಮಾಡಬಹುದು ಎಂಬುದು 1982ರಲ್ಲೇ ಗಣಿತದಿಂದ ಸಿದ್ಧವಾಗಿತ್ತು.

ಕುರುಡು ಸಹಿ

ಆ ವರ್ಷ ಅಮೆರಿಕದ ಸಾಂತಾ ಬಾರ್ಬರಾದಲ್ಲಿ ಗೂಢಲಿಪಿ ಶಾಸ್ತ್ರಜ್ಞರ ಸಮ್ಮೇಳನವೊಂದು ಸೇರಿತ್ತು. ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಆಗಷ್ಟೇ ಸಂಶೋಧನೆ ಮುಗಿಸುತ್ತಿದ್ದ ಡೇವಿಡ್ ಚಾಮ್ ಎಂಬ ತರುಣ ಅಲ್ಲಿ ಒಂದು ಪ್ರಬಂಧ ಮಂಡಿಸಿದರು. ಜಾಡು ಸಿಗದ ಪಾವತಿಗಾಗಿ ಕುರುಡು ಸಹಿ ಎಂಬುದು ಅದರ ವಿಷಯ. ನಮ್ಮ ದೇಶದ ಬ್ಯಾಂಕುಗಳಲ್ಲಿ ಗುಮಾಸ್ತರು ಇನ್ನೂ ಹೆಬ್ಬೊತ್ತಿಗೆಯಂಥ ಲೆಡ್ಜರುಗಳಲ್ಲಿ ಲೆಕ್ಕ ಬರೆಯುತ್ತಿದ್ದ ಕಾಲ ಅದು. ಮುಂದೊಂದು ದಿನ ಎಲ್ಲ ಪಾವತಿಯೂ ಕಂಪ್ಯೂಟರುಗಳ ಮೂಲಕವೇ ನಡೆಯುತ್ತದೆ, ಆಗ ಒಬ್ಬ ಮನುಷ್ಯನ ಓಡಾಟ, ಒಡನಾಟ, ಅಭಿರುಚಿಗಳೆಲ್ಲ ಬ್ಯಾಂಕಿಗೂ ಸರ್ಕಾರಕ್ಕೂ ತಿಳಿಯುತ್ತವೆ ಎಂಬ ಚಿಂತೆ ಚಾಮ್ ಅವರಿಗೆ ಅಷ್ಟು ಬೇಗ ಹತ್ತಿಕೊಂಡಿತ್ತು.

ಅವರ ಉಪಾಯವನ್ನು ಗಣಿತವಿಲ್ಲದೆಯೂ ಹೇಳಬಹುದು. ನೀವು ಒಂದು ಚೀಟಿಯ ಮೇಲೆ ನಿಮಗೆ ತೋಚಿದ, ಬಹಳ ಉದ್ದವಾದ ಒಂದು ಸಂಖ್ಯೆಯನ್ನು ಬರೆಯುತ್ತೀರಿ. ಚೀಟಿಯನ್ನು ಲಕೋಟೆಯಲ್ಲಿಟ್ಟು, ಅದರ ಮೇಲೊಂದು ಕಾರ್ಬನ್ ಹಾಳೆ ಇಟ್ಟು ಅಂಟಿಸಿ ಬ್ಯಾಂಕಿಗೆ ಕೊಡುತ್ತೀರಿ. ಬ್ಯಾಂಕು ನಿಮ್ಮ ಖಾತೆಯಿಂದ ಹತ್ತು ರೂಪಾಯಿ ಕಳೆದು, ಲಕೋಟೆಯನ್ನು ಒಡೆಯದೆ, ಮೇಲಿನಿಂದಲೇ ತನ್ನ ಹತ್ತು ರೂಪಾಯಿಯ ಸಹಿಯನ್ನು ಒತ್ತಿ ವಾಪಸು ಕೊಡುತ್ತದೆ. ಕಾರ್ಬನ್ನಿನ ಮೂಲಕ ಸಹಿ ಒಳಗಿನ ಚೀಟಿಗೆ ಇಳಿದಿರುತ್ತದೆ. ನೀವು ಮನೆಗೆ ಬಂದು ಲಕೋಟೆ ಹರಿದು ಎಸೆಯುತ್ತೀರಿ. ಈಗ ನಿಮ್ಮ ಕೈಯಲ್ಲಿರುವುದು ಬ್ಯಾಂಕಿನ ಸಹಿಯುಳ್ಳ ಚೀಟಿ. ಆದರೆ ಅದರ ಮೇಲಿನ ಸಂಖ್ಯೆಯನ್ನು ಬ್ಯಾಂಕು ನೋಡಿಯೇ ಇಲ್ಲ.

ಈ ಚೀಟಿಯನ್ನು ಅಂಗಡಿಯಲ್ಲಿ ಕೊಡುತ್ತೀರಿ. ಅಂಗಡಿಯವನು ಕೂಡಲೇ ಅದನ್ನು ಬ್ಯಾಂಕಿಗೆ ಕಳಿಸುತ್ತಾನೆ. ಬ್ಯಾಂಕು ನೋಡುವುದು ಎರಡೇ ಸಂಗತಿ: ಸಹಿ ತನ್ನದೇ ಹೌದೆ, ಈ ಸಂಖ್ಯೆಯ ಚೀಟಿ ಹಿಂದೆ ಎಂದಾದರೂ ಬಂದಿತ್ತೆ? ಸಹಿ ತನ್ನದಾಗಿದ್ದು ಸಂಖ್ಯೆ ಹೊಸತಾಗಿದ್ದರೆ ಅಂಗಡಿಯವನ ಖಾತೆಗೆ ಹತ್ತು ರೂಪಾಯಿ ಜಮಾ ಆಗುತ್ತದೆ, ಸಂಖ್ಯೆ ಖರ್ಚಾದವುಗಳ ಪಟ್ಟಿಗೆ ಸೇರುತ್ತದೆ. ಆ ಚೀಟಿ ತಾನು ಸಹಿ ಒತ್ತಿದ ಸಾವಿರಾರು ಲಕೋಟೆಗಳಲ್ಲಿ ಯಾವುದರೊಳಗಿತ್ತು ಎಂದು ಬ್ಯಾಂಕಿಗೆ ಗೊತ್ತಿಲ್ಲ. ಗೊತ್ತು ಮಾಡಿಕೊಳ್ಳಬೇಕೆಂದರೂ ಸಾಧ್ಯವಿಲ್ಲ. ಕಂಪ್ಯೂಟರಿನಲ್ಲಿ ಲಕೋಟೆಯ ಕೆಲಸವನ್ನು ಗುಣಾಕಾರ ಮಾಡುತ್ತದೆ. ನಿಮ್ಮ ಸಂಖ್ಯೆಗೆ ಮತ್ತೊಂದು ಗುಟ್ಟಿನ ಸಂಖ್ಯೆಯ ವೇಷ ತೊಡಿಸಿ ಕಳಿಸುತ್ತೀರಿ. ಬ್ಯಾಂಕು ವೇಷದ ಮೇಲೆ ಸಹಿ ಹಾಕುತ್ತದೆ. ಮರಳಿ ಬಂದಮೇಲೆ ಭಾಗಾಕಾರದಿಂದ ವೇಷ ಕಳಚಿದರೆ ಸಹಿ ಒಳಗಿನ ಸಂಖ್ಯೆಯ ಮೇಲೆ ನಿಂತಿರುತ್ತದೆ. ಇಷ್ಟೆ.

ಕಾಗದದ ನೋಟನ್ನು ನಕಲು ಮಾಡುವುದು ಕಷ್ಟ. ಸಂಖ್ಯೆಯನ್ನು ನಕಲು ಮಾಡುವುದು ನೀರು ಕುಡಿದಷ್ಟು ಸುಲಭ. ಹಾಗಾಗಿ ಒಂದೇ ಚೀಟಿಯನ್ನು ಎರಡು ಅಂಗಡಿಯಲ್ಲಿ ಕೊಡುವ ಮೋಸವೇ ಕಂಪ್ಯೂಟರ್ ಹಣದ ದೊಡ್ಡ ತಲೆನೋವು. ಬ್ಯಾಂಕಿನ ಸಂಪರ್ಕ ಇದ್ದಾಗ ಪಟ್ಟಿ ನೋಡಿ ಹಿಡಿಯಬಹುದು. ಸಂಪರ್ಕವಿಲ್ಲದ ಕಡೆಗಾಗಿ 1988ರಲ್ಲಿ ಚಾಮ್, ಅಮೋಸ್ ಫಿಯಟ್ ಮತ್ತು ಮೋನಿ ನಾವೋರ್ ಸೇರಿ ಇನ್ನೊಂದು ಚಮತ್ಕಾರ ಮಾಡಿದರು. ಚೀಟಿಯನ್ನು ಒಮ್ಮೆ ಖರ್ಚು ಮಾಡಿದರೆ ನಿಮ್ಮ ಗುರುತು ಯಾರಿಗೂ ಸಿಗುವುದಿಲ್ಲ. ಎರಡನೆಯ ಸಲ ಖರ್ಚು ಮಾಡಿದರೆ ಎರಡೂ ಸಲ ಉಳಿದ ತುಣುಕುಗಳು ಕೂಡಿಕೊಂಡು ನಿಮ್ಮ ಹೆಸರೇ ಎದ್ದು ನಿಲ್ಲುತ್ತದೆ. ಪ್ರಾಮಾಣಿಕನಿಗೆ ಪರದೆ, ಮೋಸಗಾರನಿಗೆ ಬಯಲು. ಪೊಲೀಸರಿಲ್ಲದೆ ಬರಿಯ ಬೀಜಗಣಿತದಿಂದ ಇಂಥ ನ್ಯಾಯ ನಡೆಸಬಹುದೆಂಬುದು ಈಗ ಓದಿದರೂ ಬೆರಗು ಹುಟ್ಟಿಸುತ್ತದೆ.

ಇಲ್ಲಿ ಗಮನಿಸಬೇಕಾದ ಅಂಶ ಇನ್ನೊಂದಿದೆ. ಈ ವ್ಯವಸ್ಥೆಯಲ್ಲಿ ಮರೆಯಾಗಿರುವುದು ಕೊಡುವವನು ಮಾತ್ರ. ಪಡೆಯುವವನು ಹಣವನ್ನು ಬ್ಯಾಂಕಿಗೆ ಜಮಾ ಮಾಡಲೇಬೇಕಾದ್ದರಿಂದ ಅವನ ವರಮಾನ ಮರೆಯಾಗಿ ಉಳಿಯುವುದಿಲ್ಲ. ಲಂಚ ತಿಂದವನೂ ತೆರಿಗೆ ತಪ್ಪಿಸಿದವನೂ ನೋಟಿನ ಕಂತೆಗಳನ್ನು ಗೋಡೆಯೊಳಗೆ ಹುದುಗಿಸಿದ ಹಾಗೆ ಈ ಹಣವನ್ನು ಹುದುಗಿಸಿ ಬಚಾವಾಗಲಾರರು. ಕಪ್ಪುಹಣದ ದೃಷ್ಟಿಯಿಂದ ನೋಡಿದರೆ ಇದು ಕಾಗದದ ನೋಟಿಗಿಂತ ಒಳ್ಳೆಯದು. ಸಾಸಿವೆ ಡಬ್ಬಿಯ ದೃಷ್ಟಿಯಿಂದ ನೋಡಿದರೂ ಕೆಟ್ಟದ್ದಲ್ಲ. ಇದು ಒಂದೂ ದೋಷವಿಲ್ಲದ ಉಪಾಯವೆಂದು ಅರ್ಥವಲ್ಲ. ಅಪಹರಣಕಾರನೊಬ್ಬ ಒತ್ತೆಹಣವನ್ನು ಇಂಥ ಕುರುಡು ಸಹಿಯ ಚೀಟಿಗಳಲ್ಲೇ ಕೇಳಿದರೆ ಅವನನ್ನು ಹಿಡಿಯುವ ದಾರಿಯೇ ಇರುವುದಿಲ್ಲ ಎಂದು 1992ರಲ್ಲಿ ಇಬ್ಬರು ಸಂಶೋಧಕರು ಬರೆದು ತೋರಿಸಿದರು. ಈ ಆಕ್ಷೇಪಕ್ಕೆ ತೂಕವಿದೆ. ಮೊತ್ತಕ್ಕೆ ಮಿತಿ ಹಾಕಿ, ಸಣ್ಣ ವ್ಯವಹಾರಕ್ಕಷ್ಟೇ ಮರೆವು ಸಾಕು ಎನ್ನುವ ರಾಜಿಯ ಮಾತು ಹುಟ್ಟಿದ್ದು ಇಂಥ ಚಿಂತನೆಯಿಂದಲೇ.

ಚಾಮ್ ಪ್ರಬಂಧ ಬರೆದು ಸುಮ್ಮನಾಗಲಿಲ್ಲ. ಹಾಲೆಂಡಿನ ಆಮ್‌ಸ್ಟರ್‌ಡ್ಯಾಮಿನಲ್ಲಿ ಡಿಜಿಕ್ಯಾಶ್ ಎಂಬ ಕಂಪನಿ ತೆರೆದರು. 1995ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ಪಟ್ಟಣದ ಮಾರ್ಕ್ ಟ್ವೈನ್ ಬ್ಯಾಂಕು ಅವರ ‘ಇಕ್ಯಾಶ್’ ಅನ್ನು ನಿಜವಾದ ಡಾಲರುಗಳಲ್ಲಿ ಕೊಡತೊಡಗಿತು. (ಕಾದಂಬರಿಕಾರನ ಹೆಸರಿನ ಬ್ಯಾಂಕು ಕಾಣದ ಹಣ ಕೊಟ್ಟಿತು ಎಂಬುದೇ ಒಂದು ಕಥೆಯಂತಿದೆ.) ಜರ್ಮನಿಯ ಡಾಯ್ಚ ಬ್ಯಾಂಕೂ ಮುಂದೆ ಬಂತು. ಆದರೆ ಕೊಳ್ಳುವವರಿಲ್ಲವೆಂದು ಅಂಗಡಿಗಳು ಸೇರಲಿಲ್ಲ, ಅಂಗಡಿಗಳಿಲ್ಲವೆಂದು ಕೊಳ್ಳುವವರು ಸೇರಲಿಲ್ಲ. ಅಷ್ಟರಲ್ಲಿ ಕ್ರೆಡಿಟ್ ಕಾರ್ಡಿನ ಸಂಖ್ಯೆಯನ್ನು ಅಂತರಜಾಲದಲ್ಲಿ ಕಳಿಸುವುದು ಜನಕ್ಕೆ ರೂಢಿಯಾಗಿತ್ತು. ಕಾರ್ಡು ಎಲ್ಲವನ್ನೂ ನೆನಪಿಡುತ್ತದೆ ಎಂಬುದು ಯಾರ ತಲೆಯನ್ನೂ ಅಷ್ಟಾಗಿ ಕೆಡಿಸಲಿಲ್ಲ. 1998ರಲ್ಲಿ ಡಿಜಿಕ್ಯಾಶ್ ದಿವಾಳಿ ಎದ್ದಿತು.

ಒಂದು ತಂತ್ರ ಸೋತಿತೆಂದರೆ ಅದು ಕೆಲಸ ಮಾಡಲಿಲ್ಲವೆಂದು ನಾವು ತಿಳಿಯುತ್ತೇವೆ. ಡಿಜಿಕ್ಯಾಶ್ ಕೆಲಸ ಮಾಡಿತು. ಅದನ್ನು ನಡೆಸಬೇಕಾದವರಿಗೆ ಅದು ಬೇಕಾಗಿರಲಿಲ್ಲ, ಅಷ್ಟೆ. ಗ್ರಾಹಕನ ಲೆಕ್ಕ ನೋಡಿ ಅವನಿಗೆ ಸಾಲ, ವಿಮೆ, ಜಾಹೀರಾತು ತೋರಿಸಿ ಲಾಭ ಮಾಡಬಹುದಾದ ಬ್ಯಾಂಕು ಕಣ್ಣಿಗೆ ಬಟ್ಟೆ ಕಟ್ಟಿಕೊಳ್ಳಲು ತಾನಾಗಿಯೇ ಯಾಕೆ ಒಪ್ಪುತ್ತದೆ?

ಶಿಲಾಶಾಸನದಂಥ ನಾಣ್ಯ

ಡಿಜಿಕ್ಯಾಶಿನ ಪಾಡು ನೋಡಿ ಬ್ಯಾಂಕನ್ನು ನಂಬುವುದೇ ಬೇಡ ಎಂದು ಹೊರಟವರ ದಾರಿ ಬಿಟ್‌ಕಾಯಿನಿಗೆ ಬಂದು ಮುಟ್ಟಿತು. ಸತೋಶಿ ನಾಕಾಮೊಟೊ ಎಂಬ ಹೆಸರಿನ, ಇಂದಿಗೂ ಗುರುತು ಸಿಗದ ಕರ್ತೃವಿನ ಲೇಖನ 2008ರ ಅಕ್ಟೋಬರ್ 31ರಂದು ಹೊರಬಂತು. 2009ರ ಜನವರಿ 3ರಂದು ಮೊದಲ ನಾಣ್ಯಗಳು ಹುಟ್ಟಿದವು. ಮರುವರ್ಷ ಮೇ ತಿಂಗಳಲ್ಲಿ ಫ್ಲಾರಿಡಾದ ಒಬ್ಬ ಪ್ರೋಗ್ರಾಮರ್ ಎರಡು ಪಿಜ್ಜಾಗಳಿಗೆ 10,000 ಬಿಟ್‌ಕಾಯಿನ್ ಕೊಟ್ಟ ಕಥೆ ಎಲ್ಲರಿಗೂ ಗೊತ್ತು. ಬೆಲೆಯ ಏರಿಳಿತದ ಮಾತು ಇಲ್ಲಿ ಬೇಡ. ನಮಗೆ ಬೇಕಾದದ್ದು, ಅದು ಗುಟ್ಟಿನ ಹಣ ಎಂಬ ಜನಪ್ರಿಯ ನಂಬಿಕೆ ಎಷ್ಟು ಸರಿ ಎಂಬುದು.

ಸರಿಯಿಲ್ಲ. ಬಿಟ್‌ಕಾಯಿನಿನಲ್ಲಿ ಬ್ಯಾಂಕಿನ ಬದಲು ಇರುವುದು ಒಂದು ಬಹಿರಂಗ ಲೆಕ್ಕದ ಪುಸ್ತಕ. ಯಾವ ವಿಳಾಸದಿಂದ ಯಾವ ವಿಳಾಸಕ್ಕೆ ಎಷ್ಟು ಹೋಯಿತೆಂಬ ಪ್ರತಿಯೊಂದು ವಿವರವನ್ನೂ ಲೋಕದ ಯಾರು ಬೇಕಾದರೂ ಓದಬಹುದು, ಯಾರೂ ಅಳಿಸಲಾರರು. ನಮ್ಮಲ್ಲಿ ಹಿಂದೆ ವರ್ತಕರು ಕಡತ ಎಂಬ ಕಪ್ಪು ಬಳಿದ ಬಟ್ಟೆಯ ಮೇಲೆ ಬಳಪದಿಂದ ಲೆಕ್ಕ ಬರೆಯುತ್ತಿದ್ದರು. ಸಾಲ ತೀರಿತೆಂದರೆ ಒರೆಸಿದರಾಯಿತು. ಬಿಟ್‌ಕಾಯಿನ್ ಕಡತದಂತಲ್ಲ, ಊರ ಮುಂದಿನ ದಾನಶಾಸನದಂತೆ. ಕಲ್ಲಿನಲ್ಲಿ ಕೆತ್ತಿದ ಮೇಲೆ ಮುಗಿಯಿತು. ಒಂದೇ ವ್ಯತ್ಯಾಸವೆಂದರೆ ಶಾಸನದಲ್ಲಿ ದಾನಿಯ ಹೆಸರಿರುತ್ತದೆ, ಇಲ್ಲಿ ಹೆಸರಿನ ಬದಲು ಅಕ್ಷರ ಅಂಕಿಗಳ ಸರಮಾಲೆ. ಆ ಸರಮಾಲೆ ಯಾರದೆಂದು ಒಮ್ಮೆ ತಿಳಿದರೆ ಸಾಕು, ಅವರ ಹಳೆಯ ವ್ಯವಹಾರವೆಲ್ಲ ಒಂದೇ ಏಟಿಗೆ ಬಯಲಾಗುತ್ತದೆ. 2016ರಲ್ಲಿ ಬಿಟ್‌ಫಿನೆಕ್ಸ್ ಎಂಬ ವಿನಿಮಯ ಕೇಂದ್ರದಿಂದ ಸುಮಾರು 1,20,000 ಬಿಟ್‌ಕಾಯಿನ್ ಕಳುವಾಗಿತ್ತು. ಆರು ವರ್ಷ ಕಳೆದು 2022ರಲ್ಲಿ ಅಮೆರಿಕದ ತನಿಖಾಧಿಕಾರಿಗಳು ಈ ಬಹಿರಂಗ ಪುಸ್ತಕದ ಜಾಡು ಹಿಡಿದೇ ನ್ಯೂಯಾರ್ಕಿನ ದಂಪತಿಗಳ ಮನೆಗೆ ಬಂದರು. ಕಳ್ಳರು ಸಿಕ್ಕಿದ್ದು ಒಳ್ಳೆಯದೇ. ಆದರೆ ಆರು ವರ್ಷ ಹಿಂದಿನ ಕಳ್ಳನನ್ನು ತೋರಿಸುವ ಪುಸ್ತಕ ಆರು ವರ್ಷ ಹಿಂದೆ ಔಷಧಿ ಕೊಂಡ ರೋಗಿಯನ್ನೂ ತೋರಿಸುತ್ತದೆ. ಈ ಕೊರತೆಯನ್ನು ನೀಗಿಸಲು ಮೊನೆರೊ, ಝೀಕ್ಯಾಶ್ ಮೊದಲಾದ ನಾಣ್ಯಗಳು ಬಂದವು. ಅವು ಕೊಡುವವನನ್ನೂ ಪಡೆಯುವವನನ್ನೂ ಒಟ್ಟಿಗೆ ಮರೆಮಾಚಬಲ್ಲವಾದ್ದರಿಂದ ಸರ್ಕಾರಗಳ ಕೆಂಗಣ್ಣಿಗೆ ಗುರಿಯಾದದ್ದು ಆಶ್ಚರ್ಯವಲ್ಲ.

ಇಷ್ಟರಲ್ಲಿ ಸರ್ಕಾರಗಳೇ ಕಂಪ್ಯೂಟರ್ ಹಣ ಹೊರಡಿಸುವ ಯೋಚನೆಗೆ ಇಳಿದವು. 2020ರಲ್ಲಿ ಚೀನಾ ತನ್ನ ಕೆಲವು ನಗರಗಳಲ್ಲಿ ಪ್ರಯೋಗ ಆರಂಭಿಸಿತು. ಅದೇ ವರ್ಷ ಬಹಾಮಾಸ್ ದ್ವೀಪಗಳು ಸ್ಯಾಂಡ್ ಡಾಲರ್ ತಂದವು. ಯುರೋಪಿನ ಕೇಂದ್ರ ಬ್ಯಾಂಕು ಮಾತ್ರ ಮೊದಲು ಜನರನ್ನು ಕೇಳಿತು. 2020ರ ಅಕ್ಟೋಬರಿನಿಂದ 2021ರ ಜನವರಿಯವರೆಗೆ ನಡೆದ ಆ ಬಹಿರಂಗ ಸಮಾಲೋಚನೆಗೆ 8,200ಕ್ಕೂ ಹೆಚ್ಚು ಉತ್ತರಗಳು ಬಂದವು. ಡಿಜಿಟಲ್ ಯುರೋದಲ್ಲಿ ನಿಮಗೆ ಎಲ್ಲಕ್ಕಿಂತ ಮುಖ್ಯವಾದದ್ದು ಯಾವುದು ಎಂಬ ಪ್ರಶ್ನೆಗೆ ಶೇ. 43 ಮಂದಿ ಖಾಸಗಿತನ ಎಂದರು. ಭದ್ರತೆ ಎಂದವರು ಶೇ. 18. ಖರ್ಚಿಲ್ಲದಿರಲಿ, ಇಡೀ ಯುರೋಪಿನಲ್ಲಿ ನಡೆಯಲಿ ಎಂಬ ಅಪೇಕ್ಷೆಗಳೆಲ್ಲ ಅದಕ್ಕೂ ಹಿಂದೆ ಉಳಿದವು. ಉತ್ತರ ಬರೆದವರಲ್ಲಿ ಅರ್ಧದಷ್ಟು ಮಂದಿ ಜರ್ಮನರೇ ಆಗಿದ್ದುದರಿಂದ ಇದನ್ನು ಇಡೀ ಯುರೋಪಿನ ಅಭಿಪ್ರಾಯವೆಂದು ಹೇಳಲಾಗದು. ಆದರೂ ಎರಡು ಸಲ ರಹಸ್ಯ ಪೊಲೀಸರ ಕಡತಗಳಡಿ ಬದುಕಿದ ದೇಶದ ಜನ ಈ ಪ್ರಶ್ನೆಗೆ ಇಷ್ಟು ಆಸ್ಥೆಯಿಂದ ಉತ್ತರ ಬರೆದದ್ದು ಸುಮ್ಮನೆ ತಳ್ಳಿಹಾಕುವ ಮಾತಲ್ಲ.

ನಮ್ಮ ನ್ಯಾಯಾಲಯ ಹೇಳಿದ್ದು

ಬ್ಯಾಂಕಿನ ಲೆಕ್ಕದ ಖಾಸಗಿತನ ಪಶ್ಚಿಮದವರ ಚಿಂತೆ, ನಮಗಲ್ಲ ಎನ್ನುವವರಿಗೆ ಹೇಳಬೇಕಾದ ಒಂದು ಮೊಕದ್ದಮೆ ಇದೆ. ಅದರಲ್ಲಿ ಸರ್ಕಾರದ ಎದುರು ನಿಂತದ್ದು 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈ ಅವರು ಹುಟ್ಟುಹಾಕಿದ ಸಂಸ್ಥೆಯಿಂದ ಬೆಳೆದ ಕೆನರಾ ಬ್ಯಾಂಕು. ಆಂಧ್ರಪ್ರದೇಶ ಸರ್ಕಾರ ಮುದ್ರಾಂಕ ಕಾನೂನಿಗೆ ತಿದ್ದುಪಡಿ ತಂದು, ಜಿಲ್ಲಾಧಿಕಾರಿ ಕಳಿಸಿದ ಯಾರೇ ಆಗಲಿ ಬ್ಯಾಂಕಿಗೆ ಬಂದು ದಾಖಲೆಗಳನ್ನು ಪರಿಶೀಲಿಸಿ ಒಯ್ಯಬಹುದು ಎಂದು ಅಧಿಕಾರ ಕೊಟ್ಟಿತ್ತು. 2004ರಲ್ಲಿ ಸುಪ್ರೀಂ ಕೋರ್ಟು ಅದನ್ನು ಒಪ್ಪಲಿಲ್ಲ. ಇದಕ್ಕೆ ಹಿನ್ನೆಲೆಯಾಗಿ 1976ರ ಅಮೆರಿಕದ ತೀರ್ಪೊಂದಿತ್ತು. ದಾಖಲೆಯನ್ನು ನೀವಾಗಿಯೇ ಬ್ಯಾಂಕಿಗೆ ಕೊಟ್ಟಿರಿ, ಕೊಟ್ಟಮೇಲೆ ಅದು ನಿಮ್ಮ ಗುಟ್ಟಲ್ಲ ಎಂದು ಆ ದೇಶದ ಸರ್ವೋಚ್ಚ ನ್ಯಾಯಾಲಯ ಹೇಳಿತ್ತು. ನಮ್ಮ ನ್ಯಾಯಾಲಯ ಆ ದಾರಿ ಹಿಡಿಯಲಿಲ್ಲ. ಖಾಸಗಿತನ ಜಾಗಕ್ಕೆ ಸೇರಿದ್ದಲ್ಲ, ವ್ಯಕ್ತಿಗೆ ಸೇರಿದ್ದು. ಕಾಗದ ಬ್ಯಾಂಕಿನ ಕಪಾಟಿನಲ್ಲಿದ್ದ ಮಾತ್ರಕ್ಕೆ ಗ್ರಾಹಕನ ಹಕ್ಕು ಕಳೆದುಹೋಗುವುದಿಲ್ಲ ಎಂಬುದು ಅದರ ನಿಲುವಾಯಿತು.

ಅದರ ಮುಂದಿನ ಹೆಜ್ಜೆ ಇಟ್ಟವರೂ ನಮ್ಮವರೇ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಅವರು 2012ರಲ್ಲಿ, ತಮ್ಮ 86ನೆಯ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಖಾಸಗಿತನ ಮೂಲಭೂತ ಹಕ್ಕೇ ಅಲ್ಲ ಎಂದು ಸರ್ಕಾರ ವಾದಿಸಿತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಾಧೀಶರ ಪೀಠ ಹಕ್ಕು ಹೌದೆಂದು ಒಮ್ಮತದಿಂದ ತೀರ್ಪು ಕೊಟ್ಟಿತು. ಮರುವರ್ಷದ ಆಧಾರ್ ತೀರ್ಪಿನಲ್ಲಿ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯ ಕಡ್ಡಾಯ ರದ್ದಾಯಿತು. ಪುಟ್ಟಸ್ವಾಮಿಯವರು 2024ರ ಅಕ್ಟೋಬರಿನಲ್ಲಿ 98ನೆಯ ವಯಸ್ಸಿನಲ್ಲಿ ತೀರಿಕೊಂಡರು. 2023ರಲ್ಲಿ ಬಂದ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾನೂನು ಕಂಪನಿಗಳ ಕೈಯನ್ನು ಒಂದಿಷ್ಟು ಕಟ್ಟುತ್ತದೆ. ಸರ್ಕಾರಕ್ಕೆ ಅದು ಕೊಟ್ಟಿರುವ ವಿನಾಯಿತಿಗಳು ಮಾತ್ರ ಧಾರಾಳವಾಗಿವೆ.

ಕಾನೂನಿನ ಮಾತು ಹೀಗಿರಲು, ಬೀದಿಯ ಮಾತು 2025ರ ಜುಲೈನಲ್ಲಿ ಕೇಳಿಬಂತು. ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಮೂಲಕ ಬಂದ ಹಣದ ಲೆಕ್ಕ ಹಿಡಿದು ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳಿಸಿತು. ಲೆಕ್ಕ 2021-22ರಿಂದ ಹಿಡಿದದ್ದು. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ ನಾಲ್ಕು ವರ್ಷದಲ್ಲಿ 1.63 ಕೋಟಿ ರೂಪಾಯಿ ವಹಿವಾಟು ನಡೆಸಿದ್ದೀರಿ, 29 ಲಕ್ಷ ತೆರಿಗೆ ಕಟ್ಟಿ ಎಂಬ ನೋಟಿಸು ಬಂದದ್ದು ಸುದ್ದಿಯಾಯಿತು. ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ. ಬೆಂಗಳೂರಿನ ಬೇಕರಿ, ಚಹಾ ಅಂಗಡಿ, ಕಾಂಡಿಮೆಂಟ್ಸ್‌ಗಳ ಮುಂದೆ ಕ್ಯೂಆರ್ ಚೀಟಿ ಕಿತ್ತುಹೋಗಿ ‘ನಗದು ಮಾತ್ರ’ ಎಂಬ ಕೈಬರಹದ ಬೋರ್ಡುಗಳು ಬಂದವು. ಗದ್ದಲ ಬಂದ್‌ನ ಕರೆಯವರೆಗೆ ಹೋಗಿ, ಹಳೆಯ ಬಾಕಿ ವಸೂಲು ಮಾಡುವುದಿಲ್ಲವೆಂದು ಮುಖ್ಯಮಂತ್ರಿ ಭರವಸೆ ಕೊಟ್ಟಮೇಲೆ ತಣ್ಣಗಾಯಿತು.

ಈ ಪ್ರಸಂಗವನ್ನು ಖಾಸಗಿತನದ ಕಥೆಯೆಂದು ಹೇಳಿಬಿಡುವುದು ಸುಲಭ, ಆದರೆ ಪೂರ್ತಿ ಸರಿಯಲ್ಲ. ಚಾಮ್ ಅವರ ಹಣವಿದ್ದರೂ ಆ ವ್ಯಾಪಾರಿಗಳ ಗಳಿಕೆ ಬ್ಯಾಂಕಿಗೆ ಕಾಣುತ್ತಲೇ ಇತ್ತು. ವ್ಯಾಪಾರದ ವರಮಾನ ತೆರಿಗೆಯವರಿಗೆ ತಿಳಿಯಬಾರದು ಎಂದು ಯಾರೂ ವಾದಿಸಲಾರರು. ಇಲ್ಲಿ ತಪ್ಪಿದ್ದು ಬೇರೆ. ಖಾತೆಗೆ ಬಂದ ಹಣದಲ್ಲಿ ವ್ಯಾಪಾರದ್ದೆಷ್ಟು, ಅಣ್ಣನಿಂದ ತಂದ ಕೈಗಡವೆಷ್ಟು, ಚೀಟಿ ಎತ್ತಿದ್ದೆಷ್ಟು, ತೆರಿಗೆಯೇ ಇಲ್ಲದ ಸೊಪ್ಪು ಹಾಲಿನದೆಷ್ಟು ಎಂಬುದನ್ನು ಯಂತ್ರ ವಿಂಗಡಿಸಲಿಲ್ಲ. ಒಟ್ಟು ಕೂಡಿಸಿ ಕೊಟ್ಟಿತು. ಹಣದ ನೆನಪಿನ ಗುಣವೇ ಇದು. ಎಷ್ಟು, ಯಾವಾಗ, ಯಾರಿಂದ ಎಂಬುದನ್ನು ತಪ್ಪದೆ ಹೇಳುತ್ತದೆ, ಯಾಕೆ ಎಂಬುದನ್ನು ಹೇಳುವುದಿಲ್ಲ. ಆ ಯಾಕೆಯನ್ನು ನಾಲ್ಕು ವರ್ಷದ ಮೇಲೆ ರಶೀದಿಯಿಲ್ಲದೆ ರುಜುವಾತು ಮಾಡುವ ಹೊಣೆ ತಳ್ಳುಗಾಡಿಯವನ ಮೇಲೆ ಬೀಳುತ್ತದೆ. ‘ತಪ್ಪು ಮಾಡದವನಿಗೆ ಭಯವೇಕೆ’ ಎಂದು ಕೇಳುವವರು ಈ ತಳ್ಳುಗಾಡಿಯ ಬಳಿ ಒಂದು ಗಳಿಗೆ ನಿಲ್ಲುವುದು ಒಳ್ಳೆಯದು.

ಷರತ್ತು ಹಾಕಿದ ರೂಪಾಯಿ

ಭಾರತದ ರಿಸರ್ವ್ ಬ್ಯಾಂಕು ಡಿಜಿಟಲ್ ರೂಪಾಯಿಯ ಪ್ರಯೋಗವನ್ನು ಸಾಮಾನ್ಯ ಜನರಿಗಾಗಿ ಆರಂಭಿಸಿದ್ದು 2022ರ ಡಿಸೆಂಬರ್ 1ರಂದು. ಮುಂಬಯಿ, ದೆಹಲಿ, ಭುವನೇಶ್ವರಗಳೊಡನೆ ಬೆಂಗಳೂರೂ ಆ ಮೊದಲ ನಾಲ್ಕು ನಗರಗಳಲ್ಲಿತ್ತು. ಯುಪಿಐಗೂ ಇದಕ್ಕೂ ಭೇದವಿದೆ. ಯುಪಿಐ ಹಣವಲ್ಲ, ಒಂದು ಬ್ಯಾಂಕ್ ಖಾತೆಯಿಂದ ಇನ್ನೊಂದಕ್ಕೆ ಹಣ ಸಾಗಿಸುವ ದಾರಿ. ಡಿಜಿಟಲ್ ರೂಪಾಯಿ ಸ್ವತಃ ಹಣ. ನೋಟು ನಾಣ್ಯಗಳಿರುವ ಮುಖಬೆಲೆಗಳಲ್ಲೇ ರಿಸರ್ವ್ ಬ್ಯಾಂಕು ಹೊರಡಿಸಿ ಫೋನಿನ ಪರ್ಸಿಗೆ ಹಾಕುವ ಸಂಖ್ಯೆ. ಪ್ರಯೋಗಕ್ಕೆ ಮುಂಚೆ ಹೊರಬಂದ ಟಿಪ್ಪಣಿಯಲ್ಲಿ, ಸಣ್ಣ ಮೊತ್ತದ ವ್ಯವಹಾರಗಳಿಗೆ ನಗದಿನಂಥ ಅನಾಮಧೇಯತೆ ಅಪೇಕ್ಷಣೀಯ ಎಂಬ ಮಾತೂ ಇತ್ತು. ಅದನ್ನು ಹೇಗೆ ಕೊಡುವುದು ಎಂಬ ಪ್ರಶ್ನೆಗೆ 2024ರಲ್ಲಿ ಆಗಿನ ಗವರ್ನರ್ ಶಕ್ತಿಕಾಂತ ದಾಸ್ ಅವರು ಕಾನೂನಿನಿಂದಲೋ ತಂತ್ರಜ್ಞಾನದಿಂದಲೋ ಸಾಧಿಸಬಹುದು, ಉದಾಹರಣೆಗೆ ವ್ಯವಹಾರದ ದಾಖಲೆಗಳನ್ನು ಶಾಶ್ವತವಾಗಿ ಅಳಿಸಬಹುದು ಎಂದರು.

ಅಳಿಸುವುದಕ್ಕೂ ಕಾಣದೇ ಇರುವುದಕ್ಕೂ ನಡುವಿನ ಅಂತರ ಸಣ್ಣದಲ್ಲ. ಅಳಿಸುತ್ತೇನೆ ಎನ್ನುವುದು ಮಾತು ಕೊಡುವುದು. ಮಾತು ಕೊಟ್ಟವರು ಬದಲಾಗಬಹುದು, ಕಾನೂನು ಬದಲಾಗಬಹುದು, ಅಳಿಸುವ ಮುಂಚೆ ಪ್ರತಿಯೊಂದು ಸೋರಿಹೋಗಬಹುದು. ಕುರುಡು ಸಹಿಯಲ್ಲಿ ಅಳಿಸಲು ಏನೂ ಇರುವುದಿಲ್ಲ.

2024ರ ಫೆಬ್ರುವರಿಯಲ್ಲಿ ರಿಸರ್ವ್ ಬ್ಯಾಂಕು ಇನ್ನೊಂದು ಗುಣವನ್ನೂ ಪ್ರಕಟಿಸಿತ್ತು. ಡಿಜಿಟಲ್ ರೂಪಾಯಿಗೆ ಷರತ್ತು ಹಾಕಬಹುದು. ಇಂಥ ಕೆಲಸಕ್ಕೆ ಕೊಟ್ಟ ಹಣ ಆ ಕೆಲಸಕ್ಕೇ ಖರ್ಚಾಗಬೇಕು, ಇಷ್ಟು ದಿನದೊಳಗೆ ಖರ್ಚಾಗಬೇಕು, ಇಂಥ ಊರಿನಲ್ಲೇ ಖರ್ಚಾಗಬೇಕು ಎಂಬಂತೆ. ರೈತನಿಗೆ ಬೀಜ ಗೊಬ್ಬರಕ್ಕೆಂದು ಕೊಟ್ಟದ್ದು ಬೀಜ ಗೊಬ್ಬರಕ್ಕೇ ಹೋಗಲಿ ಎಂಬ ಉದ್ದೇಶ ಒಳ್ಳೆಯದೇ ಇರಬಹುದು. ಆದರೆ ಗೊಬ್ಬರದ ದುಡ್ಡಿನಲ್ಲಿ ಮಗುವಿನ ಜ್ವರಕ್ಕೆ ಔಷಧಿ ತಂದು, ಗೊಬ್ಬರವನ್ನು ಅಂಗಡಿಯಲ್ಲಿ ಉದ್ದರಿ ಹೇಳಿ ತರುವ ಜಾಣತನವೇ ನಮ್ಮ ಹಳ್ಳಿಗಳ ಸಂಸಾರಗಳನ್ನು ಇಷ್ಟು ಕಾಲ ನಡೆಸಿದೆ. ನೆನಪಷ್ಟೇ ಇದ್ದ ಹಣಕ್ಕೆ ಬಾಯಿಯೂ ಬಂದು ‘ಆಗದು’ ಎಂದರೆ ಏನಾಗುತ್ತದೆ? ಕೆನಡಾದಲ್ಲಿ 2022ರ ಫೆಬ್ರುವರಿಯಲ್ಲಿ ಲಾರಿ ಚಾಲಕರ ಮುಷ್ಕರವನ್ನು ಮುರಿಯಲು ಸರ್ಕಾರ ತುರ್ತು ಕಾನೂನು ಬಳಸಿ, ನ್ಯಾಯಾಲಯದ ಅಪ್ಪಣೆಯಿಲ್ಲದೆ ಬ್ಯಾಂಕ್ ಖಾತೆಗಳನ್ನು ಸ್ತಂಭನಗೊಳಿಸಿತು. ಆ ಮುಷ್ಕರದ ಬೇಡಿಕೆಗಳನ್ನು ಒಪ್ಪದವರೂ ಅದನ್ನು ನೋಡಿ ಬೆಚ್ಚಿದರು. ತುರ್ತು ಕಾನೂನಿನ ಬಳಕೆ ಅಸಮಂಜಸವಾಗಿತ್ತೆಂದು ಅಲ್ಲಿನ ಫೆಡರಲ್ ನ್ಯಾಯಾಲಯ 2024ರಲ್ಲಿ ಹೇಳಿತು. ಅಷ್ಟರಲ್ಲಿ ಮುಷ್ಕರ ಮುಗಿದು ಎರಡು ವರ್ಷವಾಗಿತ್ತು.

ಚಾಮ್ ಅವರ ಲಕೋಟೆ ಮತ್ತೆ ಹೊರಬಂದದ್ದು ಬ್ಯಾಂಕುಗಳ ಬ್ಯಾಂಕಿನ ಕೈಯಲ್ಲೇ. 2021ರಲ್ಲಿ ಅವರು ಸ್ವಿಸ್ ಕೇಂದ್ರ ಬ್ಯಾಂಕಿನ ಥಾಮಸ್ ಮೋಸರ್ ಮತ್ತು ಕಂಪ್ಯೂಟರ್ ವಿಜ್ಞಾನಿ ಕ್ರಿಶ್ಚಿಯನ್ ಗ್ರೋಥಾಫ್ ಅವರೊಡನೆ ಸೇರಿ, ಕೇಂದ್ರ ಬ್ಯಾಂಕೊಂದು ಇಂಥ ಹಣವನ್ನು ಹೊರಡಿಸುವ ಬಗೆಯನ್ನು ಬರೆದರು. ಕೇಂದ್ರ ಬ್ಯಾಂಕುಗಳ ಅಂತರರಾಷ್ಟ್ರೀಯ ಸಂಸ್ಥೆಯಾದ ಬಾಸೆಲ್‌ನ ಬ್ಯಾಂಕ್ ಫಾರ್ ಇಂಟರ್‌ನ್ಯಾಷನಲ್ ಸೆಟಲ್‌ಮೆಂಟ್ಸ್ ತನ್ನ ಸ್ವಿಸ್ ಕೇಂದ್ರದಲ್ಲಿ ಟೂರ್ಬಿಯೋಂ ಎಂಬ ಹೆಸರಿನಲ್ಲಿ ಅದರ ಮಾದರಿಯನ್ನು ಕಟ್ಟಿ 2023ರ ನವೆಂಬರಿನಲ್ಲಿ ಫಲಿತಾಂಶ ಪ್ರಕಟಿಸಿತು. ಗ್ರಾಹಕ ಅಂಗಡಿಯ ಕ್ಯೂಆರ್ ಚೀಟಿಗೆ ಫೋನು ಹಿಡಿಯುತ್ತಾನೆ, ಹಣ ಹೋಗುತ್ತದೆ. ಕೊಟ್ಟವನು ಯಾರೆಂಬುದು ಅಂಗಡಿಗೂ, ಬ್ಯಾಂಕಿಗೂ, ಕೇಂದ್ರ ಬ್ಯಾಂಕಿಗೂ ತಿಳಿಯುವುದಿಲ್ಲ. ಅಂಗಡಿಯವನ ಜಮೆ ಅವನ ಬ್ಯಾಂಕಿನ ಲೆಕ್ಕದಲ್ಲಿ ನಿಲ್ಲುತ್ತದೆ. ನಾವು ದಿನವೂ ತರಕಾರಿ ಅಂಗಡಿಯಲ್ಲಿ ಮಾಡುವ ಕೆಲಸವೇ ಅದು, ಅದೇ ಚೌಕಾಕಾರದ ಕಪ್ಪು ಚುಕ್ಕೆಗಳ ಚೀಟಿ. ಸಾಂತಾ ಬಾರ್ಬರಾದ ಸಮ್ಮೇಳನ ನಡೆದು ಆಗ 41 ವರ್ಷವಾಗಿತ್ತು.